ಅಮೆರಿಕಕ್ಕೆ ಹೋಗಿಬಂದ ಮಂಗಳೂರಿನ ಬಿ.ಎನ್. ರಾವ್

ಸಂವಿಧಾನ ಎಂದ ಕೂಡಲೇ ನಮಗೆಲ್ಲ ಡಾ. ಅಂಬೇಡ್ಕರ್ ನೆನಪಾಗುತ್ತಾರೆ. ಅದು ನ್ಯಾಯವೇ. ಆದರೆ ಅವರ ಅಧ್ಯಕ್ಷತೆಯ ಕರಡು ಸಮಿತಿಯ ಮುಂದೆ ಬಂದ ಮೊದಲ ಕರಡನ್ನು ಬರೆದವರು ನಮ್ಮ ಕರಾವಳಿಯವರು: ಸರ್ ಬೆನಗಲ್ ನರಸಿಂಗ ರಾವ್. ಅಧಿಕಾರ ಪ್ರತ್ಯೇಕತೆ, ನ್ಯಾಯಿಕ ವಿಮರ್ಶೆ ಎಂಬ ಪದಗಳನ್ನು ನಾವು ಪರೀಕ್ಷೆಗೆಂದು ಉರುಹೊಡೆಯುತ್ತೇವೆ. ಅವು ನಮ್ಮ ಬದುಕಿಗೆ ಎಲ್ಲಿ ತಾಗುತ್ತವೆ ಎಂಬುದು ರಾವ್ ಅವರ ಜೀವನವನ್ನು ಓದಿದಾಗ ನನಗೆ ಸ್ಪಷ್ಟವಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನಲ್ಲಿ. ತಂದೆ ವೈದ್ಯರು. ಕೆನರಾ ಹೈಸ್ಕೂಲಿನಲ್ಲಿ ಓದಿ ಮೆಟ್ರಿಕ್ಯುಲೇಷನ್‌ನಲ್ಲಿ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಮೊದಲಿಗರಾದರು. ಮುಂದೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು, ಆಮೇಲೆ ಐಸಿಎಸ್, ಬಂಗಾಳದಲ್ಲಿ ನೌಕರಿ. ಕಾನೂನುಗಳನ್ನು ತಿದ್ದಿ ಬರೆಯುವುದರಲ್ಲಿ ಅವರದು ನುರಿತ ಕೈ. 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. 1944ರಲ್ಲಿ ಜಮ್ಮು ಮತ್ತು ಕಾಶ್ಮೀರದ ಪ್ರಧಾನಿಯಾದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಆ ಕೆಲಸಕ್ಕೆ ಅವರು ಸಂಬಳ ಪಡೆಯಲಿಲ್ಲ. ಸಭೆಯ ಸದಸ್ಯರೂ ಆಗಿರಲಿಲ್ಲ. ಮತ ಹಾಕುವ ಹಕ್ಕೂ ಅವರಿಗೆ ಇರಲಿಲ್ಲ.

1947ರ ಅಕ್ಟೋಬರ್‌ನಲ್ಲಿ ಕರಡನ್ನು ಮುಗಿಸಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್‌ಗಳಿಗೆ ಹೊರಟರು. ಸಂವಿಧಾನವನ್ನು ದಿನನಿತ್ಯ ನಡೆಸುವವರನ್ನೇ ಕೇಳಿ ತಿಳಿಯುವುದು ಅವರ ಉದ್ದೇಶವಾಗಿತ್ತು.

ಅಮೆರಿಕದ ವ್ಯವಸ್ಥೆ ಹೀಗಿದೆ. ಕಾನೂನು ಮಾಡುವುದು ಕಾಂಗ್ರೆಸ್, ಜಾರಿಗೆ ತರುವುದು ಅಧ್ಯಕ್ಷ, ತೀರ್ಪು ಕೊಡುವುದು ನ್ಯಾಯಾಲಯ. ಕಾಂಗ್ರೆಸ್ ಒಪ್ಪಿದ ಮಸೂದೆಯನ್ನು ಅಧ್ಯಕ್ಷ ತಡೆಯಬಹುದು. ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಆ ತಡೆಯನ್ನು ಮೀರಬಹುದು. ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಬಹುದು. ಈ ಕೊನೆಯ ಅಧಿಕಾರವೇ ನ್ಯಾಯಿಕ ವಿಮರ್ಶೆ. 1803ರ ಮಾರ್ಬರಿ ವಿರುದ್ಧ ಮ್ಯಾಡಿಸನ್ ಪ್ರಕರಣದಲ್ಲಿ ಅದು ನೆಲೆಗೊಂಡಿತು.

ಅವರ ಸಂವಿಧಾನದ ಐದನೇ ಮತ್ತು ಹದಿನಾಲ್ಕನೇ ತಿದ್ದುಪಡಿಗಳಲ್ಲಿ 'ಡ್ಯೂ ಪ್ರೋಸೆಸ್ ಆಫ್ ಲಾ' ಎಂಬ ಮಾತಿದೆ. ನ್ಯಾಯವಾದ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಎಂದು ಅದರ ಅರ್ಥ. ಕೇಳಲು ಚೆನ್ನಾಗಿದೆ. ಆದರೆ 1905ರಲ್ಲಿ, ಬೇಕರಿ ಕಾರ್ಮಿಕರು ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಯಬಾರದೆಂದು ನ್ಯೂಯಾರ್ಕ್ ರಾಜ್ಯ ಮಾಡಿದ್ದ ಕಾನೂನನ್ನು ಸುಪ್ರೀಂ ಕೋರ್ಟ್ ಇದೇ ಮಾತಿನ ಆಧಾರದ ಮೇಲೆ ರದ್ದುಪಡಿಸಿತು. ಬಡವರ ಪರವಾಗಿ ಚುನಾಯಿತರು ಮಾಡಿದ ಕಾನೂನು ಕೆಲವೇ ನ್ಯಾಯಾಧೀಶರ ಕೈಯಲ್ಲಿ ಬಿದ್ದುಹೋಯಿತು.

ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಈ ಅಪಾಯವನ್ನೇ ರಾವ್ ಅವರಿಗೆ ವಿವರಿಸಿದರು. ಈ ಮಾತು ಪ್ರಜಾಪ್ರಭುತ್ವಕ್ಕೆ ಒಗ್ಗುವುದಿಲ್ಲ, ನ್ಯಾಯಾಲಯಕ್ಕೂ ಅದು ಹೊರಲಾರದ ಹೊರೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಆಗ ನಮ್ಮಲ್ಲಿ ಜಮೀನ್ದಾರಿ ರದ್ದತಿಯಂತಹ ದೊಡ್ಡ ಸುಧಾರಣೆಗಳು ಬಾಗಿಲಲ್ಲಿ ನಿಂತಿದ್ದವು. ರಾವ್ ಆ ಸಲಹೆಯನ್ನು ಕರಡು ಸಮಿತಿಗೆ ತಂದರು. ಮೂಲಭೂತ ಹಕ್ಕುಗಳ ವರದಿಯಲ್ಲಿದ್ದ 'ಡ್ಯೂ ಪ್ರೋಸೆಸ್' ಹೊರಬಿತ್ತು. ಅದರ ಜಾಗಕ್ಕೆ ಜಪಾನಿನ ಸಂವಿಧಾನದಲ್ಲಿದ್ದ ಮಾತು ಬಂತು: ಕಾನೂನಿನ ಮೂಲಕ ಸ್ಥಾಪಿತವಾದ ಕಾರ್ಯವಿಧಾನ. ಅದೇ ಇಂದಿನ 21ನೇ ವಿಧಿ.

ಇದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. 1948ರ ಡಿಸೆಂಬರ್‌ನಲ್ಲಿ ಖಾಜಿ ಸೈಯದ್ ಕರೀಮುದ್ದೀನ್ ಹಳೆಯ ಮಾತನ್ನೇ ಮರಳಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಕೆ.ಎಂ. ಮುನ್ಷಿ ಕೂಡ ಅದೇ ಪಕ್ಷದಲ್ಲಿ ಮಾತನಾಡಿದರು. ಅವರ ಆತಂಕ ಸರಳವಾಗಿತ್ತು. ಶಾಸನಸಭೆಯೇ ಅನ್ಯಾಯದ ಕಾನೂನು ಮಾಡಿದರೆ ಪ್ರಜೆ ಎಲ್ಲಿಗೆ ಹೋಗಬೇಕು? ಸಭೆ ಆ ತಿದ್ದುಪಡಿಯನ್ನು ಒಪ್ಪಲಿಲ್ಲ. ಆದರೂ ಮರುವರ್ಷ ಅಂಬೇಡ್ಕರ್ ಇಂದಿನ 22ನೇ ವಿಧಿಯನ್ನು ತಂದು, ಬಂಧಿತರಿಗೆ ಒಂದಷ್ಟು ರಕ್ಷಣೆ ಒದಗಿಸಿದರು. ನಮ್ಮ ಬಾಗಲೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗನನ್ನು ಪೊಲೀಸರು ಬಂಧಿಸಿದರೂ ಕಾರಣ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಇದು ಆ ವಿಧಿಯ ಫಲ. ಆದರೆ ಮುನ್ನೆಚ್ಚರಿಕೆ ಬಂಧನಕ್ಕೆ, ಅಂದರೆ ಅಪರಾಧ ನಡೆಯುವ ಮೊದಲೇ ಹಿಡಿದಿಡುವುದಕ್ಕೆ, ಈ ನಿಯಮಗಳು ಅನ್ವಯಿಸುವುದಿಲ್ಲ.

ಆ ಆತಂಕ ಸುಳ್ಳಾಗಲಿಲ್ಲ. 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ತಮ್ಮ ಮುನ್ನೆಚ್ಚರಿಕೆ ಬಂಧನವನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಲಿಲ್ಲ. ನಮ್ಮ ಸಂವಿಧಾನದಲ್ಲಿ ಅಮೆರಿಕದ ಆ ಮಾತು ಇಲ್ಲ ಎಂಬುದೂ ಅದಕ್ಕೆ ಒಂದು ಕಾರಣವಾಗಿತ್ತು.

ಅಷ್ಟರಲ್ಲಿ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದವರು ಅವರೇ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಚ್‌ನಲ್ಲಿ ತೀರಿಕೊಂಡಾಗ ಅವರಿಗೆ 66 ವರ್ಷ.

ಅವರು ಹೋಗಿ 25 ವರ್ಷಗಳ ಬಳಿಕ, 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊಸ ದಾರಿ ಹಿಡಿಯಿತು. ಕಾನೂನು ಹೇಳಿದ ಕ್ರಮ ಇದ್ದರಷ್ಟೇ ಸಾಲದು, ಆ ಕ್ರಮ ನ್ಯಾಯಸಮ್ಮತವೂ ಆಗಿರಬೇಕು ಎಂದು ತೀರ್ಮಾನಿಸಿತು. ಬಾಗಿಲಿನಿಂದ ಹೊರಹೋದ ಮಾತು ಕಿಟಕಿಯಿಂದ ಒಳಬಂತು.

ಹಾಗಾದರೆ ರಾವ್ ತಪ್ಪಿದರೇ? ನನಗೆ ಹಾಗೆನಿಸುವುದಿಲ್ಲ. ಉಳುವವನಿಗೆ ಭೂಮಿ ಸಿಗಬೇಕಾದ ಕಾಲದಲ್ಲಿ ನ್ಯಾಯಾಲಯ ಅಡ್ಡಬರಬಾರದು ಎಂಬ ಅವರ ಕಾಳಜಿ ನಿಜವಾದದ್ದು. ಬಹುಮತ ಎಂದರೆ ಯಾವಾಗಲೂ ನ್ಯಾಯವಲ್ಲ ಎಂಬ ಕರೀಮುದ್ದೀನ್ ಅವರ ಎಚ್ಚರಿಕೆಯೂ ಅಷ್ಟೇ ನಿಜ. ಆದರೆ ಭೂಮಿಯ ಪ್ರಶ್ನೆ ಬೇರೆ, ಮನುಷ್ಯನನ್ನು ಜೈಲಿಗೆ ಹಾಕುವ ಪ್ರಶ್ನೆ ಬೇರೆ. ಮೊದಲನೆಯದರಲ್ಲಿ ನಾನು ರಾವ್ ಅವರ ಕಡೆ, ಎರಡನೆಯದರಲ್ಲಿ ಕರೀಮುದ್ದೀನ್ ಅವರ ಕಡೆ. ಗೆಳೆಯರೇ, ಗೆಳತಿಯರೇ, ನೀವು ಯಾರ ಕಡೆ? ಮುಂದಿನ ಸಂಚಿಕೆಗೆ ಬರೆದು ತಿಳಿಸಿ.