ಹೆನ್ರಿಯೆಟ್ಟಾ ಲ್ಯಾಕ್ಸ್: ಸಾಯದ ಜೀವಕೋಶಗಳ ತಾಯಿ



ವಿಜ್ಞಾನಿಗಳ ಜೀವನ ಚರಿತ್ರೆಗಳನ್ನು ನಾವು ಬಹಳ ಓದಿದ್ದೇವೆ. ಈ ಸಂಚಿಕೆಗೆ ನಾನು ಆರಿಸಿಕೊಂಡದ್ದು ವಿಜ್ಞಾನಿಯನ್ನಲ್ಲ, ವಿಜ್ಞಾನ ಓದದ ಒಬ್ಬ ತಾಯಿಯನ್ನು. ಆದರೂ ಅವರ ಜೀವಕೋಶಗಳಿಲ್ಲದೆ ಜಗತ್ತಿನ ಎಷ್ಟೋ ಪ್ರಯೋಗಾಲಯಗಳ ಕೆಲಸ ಸಾಗುವುದಿಲ್ಲ.

ಹೆನ್ರಿಯೆಟ್ಟಾ ಹುಟ್ಟಿದ್ದು 1920ರ ಆಗಸ್ಟ್ 1ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ರೋನೋಕ್‌ನಲ್ಲಿ, ಬಡ ಕಪ್ಪು ಕುಟುಂಬವೊಂದರಲ್ಲಿ. 1924ರಲ್ಲಿ ತಾಯಿ ತೀರಿಕೊಂಡ ಮೇಲೆ ಕ್ಲೋವರ್ ಎಂಬ ಊರಿನಲ್ಲಿ ಅಜ್ಜನ ಬಳಿ ಬೆಳೆದರು. ಅಜ್ಜನ ಮರದ ಮನೆ ಹಿಂದೆ ಗುಲಾಮರು ವಾಸಿಸುತ್ತಿದ್ದ ಮನೆ. ಚಿಕ್ಕಂದಿನಿಂದಲೇ ಹೊಗೆಸೊಪ್ಪಿನ ಹೊಲದಲ್ಲಿ ದುಡಿಮೆ. ಓದು ಬೇಗನೆ ನಿಂತಿತು. 1941ರಲ್ಲಿ ಡೇವಿಡ್ ಲ್ಯಾಕ್ಸ್ ಅವರೊಂದಿಗೆ ಮದುವೆಯಾಯಿತು. ಗಂಡನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಸಂಸಾರ ಬಾಲ್ಟಿಮೋರ್ ಸಮೀಪಕ್ಕೆ ಬಂತು. ಅವರಿಗೆ ಐವರು ಮಕ್ಕಳು.

1951ರ ಜನವರಿಯಲ್ಲಿ ಹೊಟ್ಟೆಯೊಳಗೆ ಗಂಟು ಕಟ್ಟಿದಂತಾಗಿ ಅವರು ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಹೋದರು. ಅಲ್ಲಿ ಕಪ್ಪು ಜನರಿಗೆ ಬೇರೆಯೇ ವಾರ್ಡುಗಳಿದ್ದ ಕಾಲವದು. ಪರೀಕ್ಷೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ರೇಡಿಯಂ ಚಿಕಿತ್ಸೆ ನೀಡುವ ಹೊತ್ತಿನಲ್ಲಿ ವೈದ್ಯರು ಗಡ್ಡೆಯಿಂದ ಒಂದು, ಆರೋಗ್ಯವಾಗಿದ್ದ ಭಾಗದಿಂದ ಒಂದು, ಹೀಗೆ ಎರಡು ಚೂರು ಅಂಗಾಂಶ ಕತ್ತರಿಸಿ ಸಂಶೋಧನೆಗೆ ಕಳುಹಿಸಿದರು. ಹೆನ್ರಿಯೆಟ್ಟಾರನ್ನು ಯಾರೂ ಕೇಳಲಿಲ್ಲ.

ಜಾರ್ಜ್ ಗೈ ಅವರ ಪ್ರಯೋಗಾಲಯದಲ್ಲಿ ಉಳಿದ ರೋಗಿಗಳ ಜೀವಕೋಶಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಇವರ ಗಡ್ಡೆಯ ಕೋಶಗಳು ಸುಮಾರು ಒಂದೇ ದಿನದಲ್ಲಿ ಇಮ್ಮಡಿಯಾಗುತ್ತಾ ಹೋದವು. ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಅವಕ್ಕೆ 'ಹೀಲಾ' ಎಂದು ಹೆಸರಿಟ್ಟರು. ಅದೇ ವರ್ಷ ಅಕ್ಟೋಬರ್ 4ರಂದು, 31ನೇ ವಯಸ್ಸಿನಲ್ಲಿ, ಹೆನ್ರಿಯೆಟ್ಟಾ ತೀರಿಕೊಂಡರು. ಅವರನ್ನು ಕ್ಲೋವರ್‌ನಲ್ಲಿ ಮಣ್ಣು ಮಾಡಿದ ಜಾಗದಲ್ಲಿ ಹೆಸರಿನ ಕಲ್ಲೂ ಇರಲಿಲ್ಲ. ಕೋಶಗಳು ಮಾತ್ರ ಪೋಲಿಯೊ ಲಸಿಕೆಯ ಪರೀಕ್ಷೆಯಿಂದ ಹಿಡಿದು ನೂರಾರು ಸಂಶೋಧನೆಗಳಿಗೆ ದೇಶ ದೇಶ ಸುತ್ತಿದವು. ಮನೆಯವರಿಗೆ ಈ ವಿಷಯ ತಿಳಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಅವರನ್ನು ಕೊಂದದ್ದು ಏನು? ಉತ್ತರ ಸಿಕ್ಕಿದ್ದು ಜರ್ಮನಿಯಲ್ಲಿ. ನರಹುಲಿಗೆ ಕಾರಣವಾಗುವ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನಲ್ಲಿ ಹಲವು ವಿಧಗಳಿವೆ, ಅವುಗಳಲ್ಲಿ ಕೆಲವು ಈ ಕ್ಯಾನ್ಸರ್ ತರುತ್ತವೆ ಎಂದು ಹರಾಲ್ಡ್ ತ್ಸುರ್ ಹೌಸೆನ್ ನಂಬಿದ್ದರು. ಈ ವೈರಸ್ಸನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುವುದು ಆಗದ ಮಾತು. ಆದ್ದರಿಂದ ಅವರ ತಂಡ ಗಡ್ಡೆಯ ಅಂಗಾಂಶದಿಂದ ಡಿಎನ್‌ಎ ತೆಗೆದು, ನಮ್ಮ ಜೈವಿಕ ತಂತ್ರಜ್ಞಾನ ಪಾಠದಲ್ಲಿ ಬರುವ ವಿಕಿರಣಶೀಲ ಪ್ರೋಬ್‌ಗಳಿಂದ ಅದರಲ್ಲಿ ವೈರಸ್‌ನ ಜೀನ್‌ಗಳನ್ನು ಹುಡುಕಿತು. 1983ರಲ್ಲಿ 16ನೇ ವಿಧ ಸಿಕ್ಕಿತು; 1984ರಲ್ಲಿ 18ನೇ ವಿಧ. ಆ 18ನೇ ವಿಧ ಹೀಲಾ ಕೋಶಗಳಲ್ಲೂ ಇತ್ತು! ತಾಯಿ ಸತ್ತ 33 ವರ್ಷಗಳ ಮೇಲೆ ರೋಗದ ಮೂಲ ಗೊತ್ತಾಯಿತು. ವೈರಸ್‌ನ ಡಿಎನ್‌ಎ ಅವರ ವರ್ಣತಂತುವಿನೊಳಗೆ ಸೇರಿಕೊಂಡು, ಕೋಶ ವಿಭಜನೆಗೆ ಕಡಿವಾಣ ಹಾಕುವ ಪ್ರೋಟೀನ್‌ಗಳನ್ನೇ ನಿಷ್ಕ್ರಿಯಗೊಳಿಸಿತ್ತು. ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇಂದು ಈ ಹುಡುಕಾಟಕ್ಕೆ ಪಿಸಿಆರ್ ಇದೆ. ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಕೂರಿಸಿದ ಹಳೆಯ ಅಂಗಾಂಶದಲ್ಲಿ ಡಿಎನ್‌ಎ ತುಂಡು ತುಂಡಾಗಿರುತ್ತದೆ. ಹಾಗಾಗಿ ವೈರಸ್ ಜೀನಿನ ಚಿಕ್ಕ ಭಾಗವನ್ನೇ ಆರಿಸಿ ಲಕ್ಷಾಂತರ ಪ್ರತಿ ಮಾಡುತ್ತಾರೆ. ಬೀಟಾ ಗ್ಲೋಬಿನ್‌ನಂಥ ಮನುಷ್ಯನ ಜೀನ್ ಕೂಡ ಸಿಗುತ್ತದೆಯೇ ಎಂದು ನೋಡುತ್ತಾರೆ. ಅದೂ ಸಿಗದಿದ್ದರೆ ಮಾದರಿಯೇ ಕೆಟ್ಟಿದೆ, ವೈರಸ್ ಇಲ್ಲ ಎಂದು ಹೇಳುವಂತಿಲ್ಲ. ಆಮೇಲೆ ಪ್ರೋಬ್‌ಗಳಿಂದಲೋ ಡಿಎನ್‌ಎ ಅಕ್ಷರಗಳನ್ನು ಓದಿಯೋ ವಿಧ ಯಾವುದೆಂದು ತಿಳಿಯುತ್ತಾರೆ. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಾಳೆ ನೋಡಲು 18ನೇ ವಿಧಕ್ಕೆ ಬಳಸುವುದು ಹೆಚ್ಚಾಗಿ ಹೀಲಾ ಡಿಎನ್‌ಎಯನ್ನೇ. ಅಂದರೆ ಬೇರೊಬ್ಬ ತಾಯಿಯ ರೋಗ ಪತ್ತೆಯಾಗುವ ಹೊತ್ತಿನಲ್ಲಿ ಪಕ್ಕದ ನಳಿಕೆಯಲ್ಲಿ ಹೆನ್ರಿಯೆಟ್ಟಾ ಇರುತ್ತಾರೆ.

ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ 16 ಮತ್ತು 18ನೇ ವಿಧಗಳೇ ಕಾರಣ. ಇವೆರಡನ್ನೂ ತಡೆಯುವ ಲಸಿಕೆ 2006ರಿಂದ ಇದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಅದನ್ನು ಕೊಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನೆಯಲ್ಲಿ ತಂಗಿಯರಿದ್ದರೆ ಅಮ್ಮನ ಹತ್ತಿರ ಈ ಮಾತು ತೆಗೆಯಲು ಸಂಕೋಚ ಬೇಡ.

2010ರಲ್ಲಿ ಹೆನ್ರಿಯೆಟ್ಟಾ ಸಮಾಧಿಗೆ ಕಲ್ಲು ಬಂತು. 2013ರಲ್ಲಿ ಹೀಲಾದ ಪೂರ್ಣ ಜೀನೋಮ್ ಮತ್ತೆ ಮನೆಯವರನ್ನು ಕೇಳದೆಯೇ ಪ್ರಕಟವಾಯಿತು. ವಿರೋಧ ಬಂದ ಮೇಲೆ, ಆ ಮಾಹಿತಿಯನ್ನು ಯಾರಿಗೆ ಕೊಡಬೇಕೆಂದು ಪರಿಶೀಲಿಸುವ ಸಮಿತಿಯಲ್ಲಿ ಕುಟುಂಬದವರಿಗೂ ಸ್ಥಾನ ಸಿಕ್ಕಿತು.

ನಮ್ಮಲ್ಲಿ ಹಲವರು ನಾಳೆ ವೈದ್ಯಕೀಯ, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸುಗಳಿಗೆ ಹೋಗುವವರು. ನಮ್ಮ ಕೈಗೆ ಬರುವ ಮಾದರಿಯ ಮೇಲೆ ಬರೀ ಒಂದು ಸಂಖ್ಯೆ ಇರುತ್ತದೆ. ಅದು ಯಾರ ದೇಹದ್ದೋ ಅವರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಲಾಗಿದೆಯೇ ಎಂದು ಮೊದಲು ವಿಚಾರಿಸೋಣ. ಪರೀಕ್ಷೆ ಆಮೇಲೆ.

ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ