ಬಾವಿಯ ಬಳಿಯ ಹೆಣ್ಣು ಮತ್ತು ಪಂಡಿತಾ ರಮಾಬಾಯಿ

ಕಾರ್ಕಳದ ಸಮೀಪದ ಮಾಳದ ಕಡೆ ಹೋದಾಗಲೆಲ್ಲ ನನಗೆ ಅನಂತಶಾಸ್ತ್ರಿ ಡೋಂಗ್ರೆಯವರ ನೆನಪಾಗುತ್ತದೆ. ಪತ್ನಿಗೆ ಸಂಸ್ಕೃತ ಕಲಿಸಿದ ‘ಅಪರಾಧ’ಕ್ಕಾಗಿ ಅವರು ಉಡುಪಿಯಲ್ಲಿ ವಿದ್ವಾಂಸರೆದುರು ಶಾಸ್ತ್ರಾಧಾರಗಳೊಡನೆ ಉತ್ತರ ಕೊಡಬೇಕಾಯಿತು. ಅನಂತರ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. 1858ರಲ್ಲಿ ಅಲ್ಲಿ ಹುಟ್ಟಿದ ಮಗಳೇ ಪಂಡಿತಾ ರಮಾಬಾಯಿ. ಮರಾಠಿಗರು ಅವರನ್ನು ತಮ್ಮವರೆಂದು ಬಹುಕಾಲ ಒಪ್ಪಿಕೊಳ್ಳಲಿಲ್ಲ; ನಾವು ಕನ್ನಡಿಗರು ಕೇಳಲೇ ಇಲ್ಲ. ನನಗಾದರೂ ಅವರ ಹೆಸರು ಗಮನಕ್ಕೆ ಬಂದದ್ದು 1989ರಲ್ಲಿ ಅಂಚೆ ಇಲಾಖೆ ಹೊರತಂದ ಚೀಟಿಯಿಂದ.

ಬಾಲ್ಯವೆಲ್ಲ ತೀರ್ಥಯಾತ್ರೆ, ಪುರಾಣಪ್ರವಚನ. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಆಕೆಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಅಣ್ಣನೂ ತೀರಿಕೊಂಡ ಮೇಲೆ 1880ರಲ್ಲಿ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರನ್ನು ಜಾತಿ ಮೀರಿ ಮದುವೆಯಾದರು. ಎರಡು ವರ್ಷ ತುಂಬುವುದರೊಳಗೆ ಕಾಲರಾ ಅವರನ್ನೂ ಒಯ್ದಿತು. ಕೈಯಲ್ಲಿ ಉಳಿದದ್ದು ಮಗಳು ಮನೋರಮೆ, ಮತ್ತು ಗಂಡನ ಮನೆಯಲ್ಲಿ ಕಣ್ಣಿಗೆ ಬಿದ್ದಿದ್ದ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ನೆನಪು.

ವೈದ್ಯಕೀಯ ಕಲಿಯಲೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಅದು ಕೈಗೂಡಲಿಲ್ಲ. ಆದರೆ ಲಂಡನ್ನಿನ ಫುಲ್ಹಾಮ್‌ನಲ್ಲಿ ಅವರು ಕಂಡ ಒಂದು ಮನೆ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಸಮಾಜ ‘ಕೆಟ್ಟವರು’ ಎಂದು ದೂಡಿದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಅಲ್ಲಿ ಸಲಹುತ್ತಿದ್ದರು. ಇಂಥ ಹೆಣ್ಣಿಗೆ ಪ್ರಾಯಶ್ಚಿತ್ತ ಉಂಟು, ದಂಡನೆ ಉಂಟು, ಆದರೆ ಮರಳಿ ಮನುಷ್ಯಳಾಗಿ ಬಾಳುವ ಅವಕಾಶ ಉಂಟೇ? ತಾವು ಕಂಠಪಾಠ ಮಾಡಿದ ಶಾಸ್ತ್ರಗಳಲ್ಲಿ ಅವರಿಗೆ ಅಂಥದು ಸಿಕ್ಕಿರಲಿಲ್ಲ. ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ತೆರೆದು ತೋರಿಸಿದರು. ಐವರು ಗಂಡಂದಿರನ್ನು ಕಂಡು, ಊರವರ ಕಣ್ಣಿಗೆ ಹಗುರಾಗಿದ್ದ ಸಮಾರ್ಯದ ಹೆಂಗಸಿನ ಬಳಿ ಯೇಸು ಬಾವಿಯ ಕಟ್ಟೆಯ ಮೇಲೆ ಕುಳಿತು ನೀರು ಕೇಳುವ ಪ್ರಸಂಗ ಅದು. ಅದೇ ವರ್ಷ ಅವರು ದೀಕ್ಷಾಸ್ನಾನ ಪಡೆದರು.

ಹಾಗೆಂದು ಅವರು ಬಿಷಪ್ಪರ ಮಾತಿಗೆ ತಲೆಯಾಡಿಸುವ ಶಿಷ್ಯೆಯಾಗಲಿಲ್ಲ. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳಿದರು. ಚೆಲ್ಟೆನ್‌ಹ್ಯಾಮ್ ಕಾಲೇಜಿನಲ್ಲಿದ್ದಾಗ ಗಂಡಸರಿಗೆ ಪಾಠ ಹೇಳಕೂಡದೆಂದು ಧರ್ಮಾಧಿಕಾರಿಗಳು ಆಕ್ಷೇಪಿಸಿದಾಗ, ತಮ್ಮ ತಂದೆತಾಯಿ ಬೆಳೆಸಿದ ರೀತಿಯನ್ನು ನೆನಪಿಸಿ ಸಿಡಿದೆದ್ದರು. ತ್ರಿಯೇಕತ್ವದ ಸಿದ್ಧಾಂತದ ಮೇಲೆ ಸನ್ಯಾಸಿನಿ ಜೆರಾಲ್ಡಿನ್ ಅವರೊಡನೆ ಪತ್ರಗಳಲ್ಲಿ ನಡೆಸಿದ ವಾಗ್ವಾದವಂತೂ ಉಡುಪಿಯ ಸಭೆಯಲ್ಲಿ ನಿಂತ ತಂದೆಯ ಮಗಳಿಗೆ ತಕ್ಕುದಾಗಿತ್ತು. ಕಡೆಯವರೆಗೂ ಸಸ್ಯಾಹಾರಿಯಾಗಿಯೇ ಉಳಿದರು.

ಅಮೆರಿಕೆಯಲ್ಲಿ ಹಣ ಕೂಡಿಸಿ ತಂದು 1889ರಲ್ಲಿ ಮುಂಬಯಿಯಲ್ಲಿ, ಮರುವರ್ಷ ಪುಣೆಯಲ್ಲಿ ಶಾರದಾ ಸದನವನ್ನು ನಡೆಸಿದರು. ಬಾಲವಿಧವೆಯರಿಗಾಗಿ ಕಟ್ಟಿದ ಆ ಮನೆಯಲ್ಲಿ ಮತಬೋಧನೆ ಇರುವುದಿಲ್ಲವೆಂದು ಮಾತು ಕೊಟ್ಟಿದ್ದರು; ಮಡಿಯ ಅಡುಗೆಗೂ ವ್ಯವಸ್ಥೆಯಿತ್ತು. ಆದರೆ ಅವರು ಪ್ರಾರ್ಥನೆಗೆ ಕುಳಿತಾಗ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಹುಡುಗಿಯರು ಬಂದು ಕುಳಿತರೆ ಅವರು ಎಬ್ಬಿಸಿ ಕಳುಹಿಸಲಿಲ್ಲ. 1893ರಲ್ಲಿ ಇದು ದೊಡ್ಡ ವಿವಾದವಾಯಿತು. ತಿಲಕರ ‘ಕೇಸರಿ’ ಕಟುವಾಗಿ ಬರೆಯಿತು. ಬೆಂಬಲಕ್ಕಿದ್ದ ರಾನಡೆ, ಭಂಡಾರ್ಕರ್ ಸಲಹಾ ಸಮಿತಿಯಿಂದ ಹೊರನಡೆದರು. ಹಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಈ ಪ್ರಕರಣದಲ್ಲಿ ನನ್ನ ಮನಸ್ಸು ಇಬ್ಭಾಗ. ರಾನಡೆಯವರ ಅಸಮಾಧಾನದಲ್ಲಿ ನ್ಯಾಯವಿತ್ತು. ಆಶ್ರಯ ಕೊಟ್ಟವರ ತೆರೆದ ಬಾಗಿಲು ಆಶ್ರಯ ಬೇಡಿ ಬಂದ ಹತ್ತು ವರ್ಷದ ವಿಧವೆಗೆ ಬರೀ ಬಾಗಿಲಾಗಿ ಕಾಣುವುದಿಲ್ಲ. ಆದರೆ ಆ ಹುಡುಗಿಯ ತಲೆ ಬೋಳಿಸಿದಾಗ ಪುಣೆಯಲ್ಲಿ ಇಷ್ಟು ಗದ್ದಲ ಎದ್ದಿತ್ತೇ?

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಬರ ಬಿದ್ದಾಗ ಅವರು ತಾವೇ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಹಸಿವೆಯಲ್ಲಿ ತಂದೆತಾಯಿಯನ್ನು ಕಳೆದುಕೊಂಡವರಿಗೆ ಆ ಮುಖಗಳನ್ನು ಪರಿಚಯಿಸಬೇಕಾಗಿರಲಿಲ್ಲ. ಪ್ಲೇಗಿನ ನಿರ್ಬಂಧದಿಂದಾಗಿ ಅವರನ್ನು ಪುಣೆಯಲ್ಲಿ ಇರಿಸಿಕೊಳ್ಳುವಂತಿರಲಿಲ್ಲ. ಕೇಡಗಾಂವ್‌ನ ಜಮೀನಿಗೆ ಸಾಗಿಸಿದರು. ಅದೇ ಮುಕ್ತಿ ಸದನ. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರ ಸಂಖ್ಯೆ ಸುಮಾರು 2000ಕ್ಕೆ ಮುಟ್ಟಿತು. ಅಷ್ಟು ಬಾಯಿಗಳಿಗೆ ಮೊದಲು ಬೇಕಾದದ್ದು ನೀರು, ಬಾವಿಗಳನ್ನು ತೋಡಿಸಿದರು. ಉಳುಮೆ, ಹೈನು, ನೇಯ್ಗೆ, ಎಣ್ಣೆಗಾಣ, ಮುದ್ರಣಾಲಯ ಎಲ್ಲವನ್ನೂ ಹೆಂಗಸರೇ ನಡೆಸಿದರು. ಅಂಧರಿಗೆ ಬೆರಳಿನಿಂದ ಓದುವುದನ್ನು ಕಲಿಸಲಾಯಿತು. ಫುಲ್ಹಾಮ್‌ನಲ್ಲಿ ಕಂಡದ್ದು ಇಲ್ಲಿ ‘ಕೃಪಾ ಸದನ’ವಾಯಿತು, ಯಾವ ಮನೆಯೂ ಒಳಗೆ ಬಿಟ್ಟುಕೊಳ್ಳದ ಹೆಂಗಸರಿಗಾಗಿ ಅದನ್ನು ಕಟ್ಟಿದರು. ಆಮೇಲಿನ ವರ್ಷಗಳಲ್ಲಿ ನಮ್ಮ ಗುಲ್ಬರ್ಗದಲ್ಲೂ ಒಂದು ಶಾಲೆ ತೆರೆದರು. ಅದರ ಹೊಣೆ ಮನೋರಮೆಯದು.

ಈ ಕೆಲಸಗಳ ನಡುವೆಯೇ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮೂಲದಿಂದ ಮರಾಠಿಗೆ ತಂದರು. ಆಗ ಇದ್ದ ಅನುವಾದದ ಸಂಸ್ಕೃತಮಯ ಭಾಷೆ ಹಳ್ಳಿಯ ಹೆಣ್ಣುಮಕ್ಕಳಿಗೆ ಎಟುಕುತ್ತಿರಲಿಲ್ಲ. ಸಂಸ್ಕೃತದ ಬಲದಿಂದಲೇ ಕೀರ್ತಿ ಪಡೆದವರು ಆ ಸಂಸ್ಕೃತವನ್ನೇ ಬದಿಗಿಟ್ಟು, ಬಾವಿಕಟ್ಟೆಯಲ್ಲಿ ಆಡುವ ಮರಾಠಿಯನ್ನು ಹುಡುಕಿದರು. ಅಚ್ಚುಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. 1921ರಲ್ಲಿ ಮನೋರಮೆ ತೀರಿಕೊಂಡಳು. ತಾಯಿ ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. ಆ ಕೆಲಸ ಮುಗಿದ ಕೆಲವೇ ದಿನಗಳಲ್ಲಿ, 1922ರ ಏಪ್ರಿಲ್ 5ರಂದು, ಕೇಡಗಾಂವ್‌ನಲ್ಲಿ ಅವರು ಕಣ್ಣು ಮುಚ್ಚಿದರು.