ಮುಂಬಯಿ ಶಾಸನ ಸಭೆಯಲ್ಲಿ ಹಳಕಟ್ಟಿಯವರು

ಫ. ಗು. ಹಳಕಟ್ಟಿಯವರ ಹೆಸರೆತ್ತಿದೊಡನೆ ನಮಗೆ ನೆನಪಾಗುವುದು ವಚನಗಳ ತಾಡೋಲೆಯ ಕಟ್ಟು. ಆದರೆ ಆ ಮಹನೀಯರು ಸರಕಾರದ ಖರ್ಚಿಗೆ ಮತ ಕೊಡುವ ಸಭೆಯಲ್ಲಿಯೂ ಕುಳಿತಿದ್ದರೆಂಬುದನ್ನು ನೆನೆಯುವವರು ವಿರಳ. ಆ ಮಾತನ್ನೇ ಇಲ್ಲಿ ಕೊಂಚ ಹೇಳಬಯಸುತ್ತೇನೆ.

1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದು, ಮುಂದೆ ವಿಜಯಪುರದಲ್ಲಿ ವಕೀಲರಾಗಿ ನೆಲೆಸಿದರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಅವರ ಮುಂದಾಳುತನದಲ್ಲಿ ಹುಟ್ಟಿದವು. 1920ರಲ್ಲಿ ಅವರು ಮುಂಬಯಿ ಶಾಸನ ಸಭೆಗೆ ಆರಿಸಿ ಹೋದರು. ಆಗ ಮತವಿದ್ದುದು ಆಸ್ತಿ, ತೆರಿಗೆಯ ಅರ್ಹತೆಯುಳ್ಳ ಕೆಲವರಿಗಷ್ಟೇ.

ಆ ಸಭೆಯ ಅಧಿಕಾರವಾದರೂ ಎಷ್ಟು? 1919ರ ಕಾಯದೆಯಂತೆ ಸದಸ್ಯರು ಖರ್ಚಿನ ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು. ಒಂದು ರೂಪಾಯಿಯನ್ನೂ ಹೆಚ್ಚಿಸುವಂತಿಲ್ಲ. ಶಿಕ್ಷಣ, ಆರೋಗ್ಯ, ಒಕ್ಕಲುತನಗಳು ಸಭೆಗೆ ಉತ್ತರ ಹೇಳಬೇಕಾದ ಮಂತ್ರಿಗಳ ಕೈಯಲ್ಲಿದ್ದವು. ಹಣಕಾಸು, ಪೊಲೀಸು, ನೀರಾವರಿ, ಬರಗಾಲದ ಪರಿಹಾರಗಳು ಗವರ್ನರರ ವಶದಲ್ಲಿದ್ದವು. ಈ ಎರಡನೆಯ ಭಾಗದಲ್ಲಿ ಸಭೆ ಕಡಿದ ಹಣವನ್ನು ಅಗತ್ಯವೆಂದು ಬರೆದು ಗವರ್ನರರು ತಿರುಗಿ ಸೇರಿಸಬಹುದಾಗಿತ್ತು. ಇದಲ್ಲದೆ ಮುಂಬಯಿ ಪ್ರಾಂತ ವರ್ಷಕ್ಕೆ 56 ಲಕ್ಷ ರೂಪಾಯಿಯನ್ನು ಕೇಂದ್ರಕ್ಕೆ ತೆರಬೇಕೆಂದು ಗೊತ್ತುಮಾಡಲಾಗಿತ್ತು.

1876-77ರ ಘೋರ ಬರವನ್ನು ಉಂಡ ಜಿಲ್ಲೆ ನಮ್ಮದು. ಟಿಕೋಟಾ, ಬಬಲೇಶ್ವರಗಳ ರೈತನಿಗೆ ಬೇಕಾದುದು ನೀರು, ಬರದಲ್ಲಿ ಅನ್ನ. ಅವೆರಡೂ ಪ್ರತಿನಿಧಿಗಳ ಕೈಗೆ ನಿಲುಕದ ಭಾಗದಲ್ಲಿಯೇ ಇದ್ದವು! ಊರಿನ ಹಣದಿಂದಲೇ ಶಾಲೆ, ಬ್ಯಾಂಕು ಕಟ್ಟಿದ ಹಳಕಟ್ಟಿಯವರ ಕೆಲಸದ ಬೆಲೆ ನನಗೆ ಹೊಳೆದುದು ಇದನ್ನು ತಿಳಿದ ಮೇಲೆಯೇ.

1923ರಲ್ಲಿ ಅವರ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಯಿತು. 1926ರಲ್ಲಿ ಶಿವಾನುಭವ ಪತ್ರಿಕೆ ಹೊರಟಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1964ರ ಜೂನ್ 29ರಂದು ತೀರಿಕೊಳ್ಳುವವರೆಗೂ ಬಡತನದಲ್ಲಿಯೇ ದುಡಿದರು.

ಇಂದಿನ ಸಂವಿಧಾನದ 203ನೆಯ ವಿಧಿಯಲ್ಲಿಯೂ ಶಾಸಕರು ಬೇಡಿಕೆಯನ್ನು ಒಪ್ಪಬಹುದು, ನಿರಾಕರಿಸಬಹುದು, ಕಡಿಮೆ ಮಾಡಬಹುದು, ಅಷ್ಟೇ. ಆದರೆ ಸಭೆ ಕಡಿದುದನ್ನು ತಿರುಗಿ ಸೇರಿಸುವ ಗವರ್ನರರ ಆ ಅಧಿಕಾರ ಈಗಿಲ್ಲ. ಮೊದಲು ಟಿಕೋಟಾ ಎನಿಸಿ, 2008ರಿಂದ ಬಬಲೇಶ್ವರ ಎನಿಸಿದ ಕ್ಷೇತ್ರದಲ್ಲಿ ಹದಿನೆಂಟು ತುಂಬಿದ ಪ್ರಜೆಗೆಲ್ಲ ಮತವುಂಟು. ಹಳಕಟ್ಟಿಯವರಿಗೆ ದೊರೆಯದ ಹಕ್ಕು ನಮ್ಮ ಪ್ರತಿನಿಧಿಗೆ ದೊರೆತಿದೆ. ಆಯವ್ಯಯದ ಚರ್ಚೆಯ ದಿನ ಆತ ಸಭೆಯಲ್ಲಿದ್ದನೇ, ಏನು ಕೇಳಿದನೆಂದು ವಿಚಾರಿಸುವ ಹೊಣೆ ಮಾತ್ರ, ಮಿತ್ರರೇ, ನಮ್ಮದು.